ಬರಿಗೈಯ ಭಾರ

ಮಳೆಗಾಲ ಮುಗಿದ ಮೇಲಿನ ಮುಂಜಾವಿನ ಬೆಳಕಿಗೆ ಒಂದು ವಿಚಿತ್ರವಾದ ವಿನಯವಿರುತ್ತದೆ. ಬೇಸಿಗೆಯ ಬಿಸಿಲಿನಂತೆ ಅದು ಬಾಗಿಲು ತಳ್ಳಿಕೊಂಡು ಒಳನುಗ್ಗುವುದಿಲ್ಲ. ಕಾರ್ಮುಗಿಲ ದಿನಗಳ ಮಬ್ಬಿನಂತೆ ಮುಖ ಮರೆಸಿಕೊಂಡು ಮೂಲೆ ಹಿಡಿಯುವುದೂ ಇಲ್ಲ. ಬರಬಹುದೇ ಎಂದು ಕೇಳಿ, ಒಂದು ಗಳಿಗೆ ಕಾದು, ಆಮೇಲೆ ಮೆಲ್ಲಗೆ ಕಾಲಿಡುವ ಅತಿಥಿಯಂತೆ ಆ ಬೆಳಕು ರಂಗಮಂದಿರದ ಮೂರನೆಯ ಅಂತಸ್ತಿನ ಎತ್ತರದ ಕಿಟಕಿಗಳಿಂದ ಇಳಿದು, ಎಷ್ಟೋ ತಲೆಮಾರಿನ ಪಾದಗಳು ಸವೆಸಿದ ಮರದ ನೆಲದ ಮೇಲೆ ಉದ್ದುದ್ದನೆಯ ಹೊಂಬಣ್ಣದ ಹಾಸುಗಳನ್ನು ಬಿಡಿಸುತ್ತಿತ್ತು. ಗೋಡೆಗುಂಟ ಸಾಗಿದ ಮರದ ಕಂಬಿ ಸಾವಿರ ಅಂಗೈಗಳ ಬೆವರು ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಶೂ ಜಾರದಿರಲೆಂದು ನರ್ತಕರು ತುಳಿದುಬರುವ ರಾಳದ ಪುಡಿ ಮೂಲೆಯ ತಗಡಿನ ತಟ್ಟೆಯಿಂದೆದ್ದು, ಬೆಳಕಿನ ದಾರಿಯಲ್ಲಿ ನಕ್ಷತ್ರಧೂಳಿಯಂತೆ ತೇಲುತ್ತಿತ್ತು... ಮತ್ತೆ, ಒಂದಿಡೀ ಗೋಡೆಯನ್ನು ನುಂಗಿ ನಿಂತ ಕನ್ನಡಿ!

ಸಹೃದಯರೇ, ಲೋಕದಲ್ಲಿ ಕನ್ನಡಿಗಳು ಬಗೆಬಗೆಯವು. ಮನೆಯ ಕನ್ನಡಿ ನಮ್ಮೊಡನೆ ಬದುಕಿ ಬದುಕಿ ಸಣ್ಣಪುಟ್ಟ ಸುಳ್ಳು ಹೇಳಲು ಕಲಿತಿರುತ್ತದೆ. ತಾಲೀಮಿನ ಕೋಣೆಯ ಕನ್ನಡಿಗೆ ಮಾತ್ರ ದಾಕ್ಷಿಣ್ಯವೆಂಬುದೇ ತಿಳಿಯದು. ಒಂಬತ್ತನೆಯ ವಯಸ್ಸಿನಿಂದ ಅದರ ಎದುರಿನಲ್ಲೇ ಬೆಳೆದ ಒಬ್ಬ ಹೆಣ್ಣು, ಅದರ ನಿರ್ದಾಕ್ಷಿಣ್ಯವನ್ನು ಹನಿಹನಿಯಾಗಿ ತನ್ನ ಕಣ್ಣಿಗೆ ತುಂಬಿಕೊಂಡು, ಒಂದು ದಿನ ಆ ಕಣ್ಣಿನಿಂದಲೇ ತಾನು ಅತ್ಯಂತ ಪ್ರೀತಿಸಿದವನನ್ನು ನೋಡಿದ ಕಥೆಯಿದು.

ಅವಳ ತಾಯಿ ಆ ರಂಗಮಂದಿರದ ನೆಲಮಾಳಿಗೆಯಲ್ಲಿ ವೇಷಭೂಷಣ ಹೊಲಿಯುತ್ತಿದ್ದವಳು. ಹೊಲಿಗೆಯ ಮೇಜಿನ ಕೆಳಗೆ ಬಿದ್ದ ಗುಂಡುಸೂಜಿಗಳನ್ನು ಹೆಕ್ಕುತ್ತ ಮಗಳು ಬೆಳೆದಳು. ಮೇಲಿನ ಅಂತಸ್ತಿನಿಂದ ಇಳಿದುಬರುವ ಪಿಯಾನೋದ ನಾದಕ್ಕೆ ಆ ಪುಟ್ಟ ಕಾಲುಗಳು ತಮ್ಮಷ್ಟಕ್ಕೆ ಮಿಡಿಯುವುದನ್ನು ಕಂಡ ಬ್ಯಾಲೆ ತಂಡದ ಹಿರಿಯ ಶಿಕ್ಷಕಿಯೊಬ್ಬಳು ಅವಳನ್ನು ಕೈಹಿಡಿದು ಮೇಲಕ್ಕೆ ಕರೆದೊಯ್ದಳು. ಎಲುಬು ಹಗುರ, ಕತ್ತು ನೀಳ, ಕಣ್ಣು ಚುರುಕು. ತಂಡದವರು ಅವಳಿಗೆ 'ಗುಬ್ಬಿ' ಎಂದು ಹೆಸರಿಟ್ಟರು. ಆ ಗುಬ್ಬಿ ಹತ್ತು ವರ್ಷ ಉಗುರು ಕಿತ್ತ ಕಾಲ್ಬೆರಳುಗಳಿಗೆ ಹತ್ತಿ ಸುತ್ತಿಕೊಂಡು, ಗಟ್ಟಿ ತುದಿಯ ರೇಷ್ಮೆ ಶೂಗಳೊಳಗೆ ರಕ್ತವನ್ನು ಗುಟ್ಟಾಗಿಟ್ಟುಕೊಂಡು, ಹತ್ತೊಂಬತ್ತನೆಯ ವಯಸ್ಸಿಗೆ ರಂಗದ ನಟ್ಟನಡುವೆ ನಿಂತಿತು. ಪರದೆ ಸರಿದಾಗ ಜನ ನೋಡಿದ್ದು ಒಬ್ಬ ಹುಡುಗಿಯನ್ನಲ್ಲ. ಮೊದಲ ಮಳೆಗೆ ಮುನ್ನ ತಾನೇ ತಾನಾಗಿ ಕಂಪಿಸುವ ಎಲೆಯನ್ನು!

ಎಲೆ ಕಂಪಿಸಬೇಕಾದರೆ ಕೊಂಬೆ ಗಟ್ಟಿಯಿರಬೇಕಷ್ಟೆ? ಆ ಕೊಂಬೆಯನ್ನು ಯಾರೂ ನೋಡಲಿಲ್ಲ.

ಅವನು ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಅಗಲವಾದ ಭುಜ, ಮೌನವಾದ ಮುಖ, ದೊಡ್ಡ ದೊಡ್ಡ ಕೈಗಳು. ನರ್ತಕಿಯನ್ನು ಎತ್ತುವುದು, ತಿರುಗಿಸುವುದು, ಜಾರುವ ಮುನ್ನ ಹಿಡಿಯುವುದು ಇವೇ ಅವನ ಕೆಲಸ. ಅವಳನ್ನು ತಲೆಯ ಮೇಲೆತ್ತಿ ನಿಂತರೆ ಒಂದಿಷ್ಟೂ ಅಲುಗದ ಅವನನ್ನು ಇಡೀ ತಂಡ 'ಕಂಬ' ಎಂದು ಕರೆಯುತ್ತಿತ್ತು. ಅವಳು ಮಾತ್ರ ಗೌರವ ಬೆರೆಸಿದ ಹಾಸ್ಯದಲ್ಲಿ 'ಕಂಬದವರೇ' ಎನ್ನುತ್ತಿದ್ದಳು. ಪತ್ರಿಕೆಗಳು ಅವಳ ಬಗ್ಗೆ ಕಾಲಂಗಟ್ಟಲೆ ಬರೆದು, ಕೊನೆಯ ಸಾಲಿನಲ್ಲಿ 'ಸಹನರ್ತಕನ ಆಸರೆ ಸಮರ್ಪಕವಾಗಿತ್ತು' ಎಂದು ಮುಗಿಸುತ್ತಿದ್ದವು. ಆ ಸಾಲನ್ನು ಅವನೇ ಜೋರಾಗಿ ಓದಿ ನಗಿಸುತ್ತಿದ್ದ.

ಅವನು ಮದುವೆಯ ಮಾತೆತ್ತಿದ್ದೂ ಒಂದು ತಾಲೀಮಿನ ನಡುವೆ. ಅವಳು ಅವನ ಎರಡು ಅಂಗೈಗಳ ಮೇಲೆ, ನೆಲದಿಂದ ಏಳಡಿ ಎತ್ತರದಲ್ಲಿ, ರೆಕ್ಕೆ ಬಿಚ್ಚಿದಂತೆ ತೋಳು ಚಾಚಿದ್ದಳು.

"ಇಳಿಸಿ ಕಂಬದವರೇ, ಸಂಗೀತ ಮುಗೀತು."

"ಇಳಿಸ್ತೀನಿ. ಅದಕ್ಕೆ ಮುಂಚೆ ಒಂದು ಮಾತು ಕೇಳಬೇಕಿತ್ತು."

"ಕೆಳಗಿಳಿಸಿ ಕೇಳಬಹುದಲ್ಲ."

"ಕೆಳಗಿಳಿದ್ರೆ ನೀವು ನನ್ನ ಮುಖ ನೋಡ್ತೀರಿ. ಆಗ ನನಗೆ ಮಾತು ಹೊರಡಲ್ಲ."

ಪಿಯಾನೋ ನುಡಿಸುತ್ತಿದ್ದ ಅಜ್ಜಿ ಮುಚ್ಚಳ ಹಾಕಿ ಕನ್ನಡಕ ಒರೆಸಿಕೊಂಡಳು. "ಬೇಗ ಹೂಂ ಅನ್ನಮ್ಮ. ಅವನ ಕೈ ನಡುಗ್ತಾ ಇದೆ. ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ."

ಹೀಗೆ, ಭೂಮ್ಯಾಕಾಶಗಳ ನಡುವೆ ಎಲ್ಲೋ, ಅವಳು ಹೂಂ ಎಂದಳು.

ಹದಿನಾಲ್ಕು ವರ್ಷಗಳು... ಹೂವಿನಿಂದ ಹೂವಿಗೆ ಗಾಳಿ ದಾಟುವಂತೆ ದಾಟಿದವು. ಅವರಿಬ್ಬರ ನಡುವೆ ಮಾತು ಕಡಿಮೆ, ಬೇಕಿರಲೂ ಇಲ್ಲ. ಅವಳಿಗೆ ಜ್ವರ ಬರುವುದು ಅವಳಿಗಿಂತ ಮೊದಲು ಅವನ ಅಂಗೈಗೆ ತಿಳಿಯುತ್ತಿತ್ತು. ಹಾಗೆಯೇ ಆ ದಿನವೂ ತಿಳಿಯಿತು. ಅವಳಿಗೆ ಮೂವತ್ತಮೂರು. ಕೊನೆಯ ಅಂಕದ ಜಿಗಿತ. ಅವಳು ಹಾರಿಬಂದಳು, ಅವನು ಹಿಡಿದ. ಹಿಡಿದ ಕ್ಷಣದಲ್ಲೇ ಅವಳ ಎಡಸೊಂಟದ ಕೀಲಿನೊಳಗೆ ಏನೋ ಒಡೆದದ್ದನ್ನು ಅವನ ಬಲಗೈ ಕೇಳಿಸಿಕೊಂಡಿತು. ಕೆಳಗಿಳಿಸಿದರೆ ಅವಳು ಸಾವಿರ ಜನರ ಮುಂದೆ ಕುಸಿಯುತ್ತಿದ್ದಳು. ಅವನು ಇಳಿಸಲಿಲ್ಲ. ಮೇಲೆತ್ತಿದ, ತಲೆಯಾಚೆಗೆ ಎತ್ತಿದ, ಹದಿನಾರು ಎಣಿಕೆಗಳ ಕಾಲ ರಂಗವನ್ನು ಸುತ್ತಿ, ನೃತ್ಯವೇ ಹಾಗೆ ಇದೆಯೆಂಬಂತೆ ಪಕ್ಕದ ಪರದೆಯ ಹಿಂದೆ ಸರಿದುಹೋದ. ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ತುಟಿ ಕಚ್ಚಿ ಹಿಡಿದ ಅವಳ ಮುಖದ ನೋವನ್ನು ಅವರು ಭಾವಾಭಿನಯದ ಶಿಖರವೆಂದುಕೊಂಡರು!

ವೈದ್ಯರು ಸೌಮ್ಯವಾಗಿಯೇ ಹೇಳಿದರು. "ನಡೀಬಹುದು. ಮೆಟ್ಟಿಲು ಹತ್ತಬಹುದು. ಕುಣಿಯೋದನ್ನ ಮಾತ್ರ ಇಲ್ಲಿಗೆ ಬಿಡಿ."

ನರ್ತಕಿಗೆ ಎರಡು ಸಾವು, ಕುಣಿತ ನಿಂತಾಗ ಒಂದು, ಉಸಿರು ನಿಂತಾಗ ಇನ್ನೊಂದು, ಎನ್ನುವುದಾದರೆ, ಮೊದಲನೆಯದು ಹೆಚ್ಚು ಕ್ರೂರ. ಏಕೆಂದರೆ ಅದರ ಮಾರನೆಯ ಬೆಳಿಗ್ಗೆ ಎದ್ದು ಹಲ್ಲುಜ್ಜಬೇಕು. ಆರು ತಿಂಗಳು ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಎಲೆಯುದುರಿದ ಮರಕ್ಕೆ ಮರಳಿದ ಹಕ್ಕಿಯಂತೆ ಕುಳಿತಳು. ಅವನು ಬೇರೊಬ್ಬ ನರ್ತಕಿಯನ್ನೆತ್ತಲು ಬೆಳಿಗ್ಗೆ ಹೋಗುತ್ತಿದ್ದ, ಸಂಜೆ ಬರುತ್ತಿದ್ದ. ಬಂದು ಅವಳ ಸೊಂಟಕ್ಕೆ ಎಣ್ಣೆ ಹಚ್ಚುತ್ತಿದ್ದ. ನಿವೃತ್ತಳಾಗಿದ್ದ ತಾಯಿ ಆಗಾಗ ಬಂದು ಹೋಗುತ್ತಿದ್ದಳು. "ಹೊಲಿಗೆ ಬಿಚ್ಚಿಹೋಯ್ತು ಅಂತ ಬಟ್ಟೇನೇ ಎಸೀತಾರಾ? ಬೇರೆ ಏನಾದ್ರೂ ಹೊಲೀತಾರೆ," ಎಂದು ಹೇಳಿ, ಬೀರು ತೆಗೆದು ಮಡಿಸಿದ ಬಟ್ಟೆಗಳನ್ನೇ ಮತ್ತೆ ಮಡಿಸಿಟ್ಟು ಹೊರಡುತ್ತಿದ್ದಳು.

ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ ಚಹಾದ ನೀರು ಕಾಯುತ್ತಿತ್ತು. ಅವನು ಇವಳಿಗೆ ಬೆನ್ನು ಮಾಡಿ ನಿಂತಿದ್ದ. ನೋಡನೋಡುತ್ತ ಅವನ ಮೊಣಕಾಲು ಕೊಂಚ ಬಾಗಿತು, ಎರಡು ಕೈಗಳು ಮುಂದೆ ಬಂದು ಇಲ್ಲದ ಒಂದು ನಡುವನ್ನು ಹಿಡಿದವು, ಉಸಿರು ಒಳಗೆಳೆದು ಅವನು ಶೂನ್ಯವನ್ನು ಮೇಲಕ್ಕೆತ್ತಿದ. ಎತ್ತಿ ಹಿಡಿದ. ಆಮೇಲೆ ಕಾಲ್ಬೆರಳು ನೆಲಕ್ಕೆ ತಾಗುವ ಸದ್ದೂ ಕೇಳದಂತೆ ಇಳಿಸಿದ. ಇಳಿಸಿದ ಮೇಲೂ ಆ ಕೈಗಳು, ಅವಳು ಭದ್ರವಾಗಿ ನಿಂತಳೇ ಎಂದು ವಿಚಾರಿಸುವಂತೆ, ಅಲ್ಲಿಯೇ ಒಂದರೆಗಳಿಗೆ ಉಳಿದವು... ಆ ಅಂಗೈಗಳ ನಡುವಿನ ಅಂತರ! ಅದು ಅವನು ಈಗ ಎತ್ತುತ್ತಿದ್ದ ನರ್ತಕಿಯ ಅಳತೆಯಲ್ಲ. ಅದು ಇವಳದು.

"ಯಾರನ್ನ ಎತ್ತುತ್ತಾ ಇದ್ದೀರಿ?"

ಅವನು ನಾಚಿ ತಿರುಗಿದ. "ಯಾರನ್ನೂ ಇಲ್ಲ. ಭುಜ ಹಿಡ್ಕೊಂಡಿತ್ತು, ಅಷ್ಟೆ."

"ಇನ್ನೊಮ್ಮೆ ಮಾಡಿ."

ಪ್ರಿಯ ವಾಚಕರೇ, ನೃತ್ಯ ಸಂಯೋಜಕಿಯಾಗಿ ಅವಳು ಆಡಿದ ಮೊದಲ ಮಾತು ಅದು. ಅವಳ ಬಾಳಿನಲ್ಲಿ ಅದೇ ಮಾತು ಆಶೀರ್ವಾದವಾಗಿ ಹುಟ್ಟಿ ಆಯುಧವಾಗಿ ಬೆಳೆಯಿತು.

ಅವಳ ಮನಸ್ಸಿನಲ್ಲಿ ಮೂಡಿದ ನೃತ್ಯ ಇಷ್ಟೆ: ರಂಗದ ಮೇಲೆ ಒಬ್ಬನೇ ಗಂಡಸು. ಜೀವಮಾನವಿಡೀ ಒಬ್ಬಳನ್ನು ಎತ್ತಿದವನು. ಈಗ ಅವಳಿಲ್ಲ. ಆದರೂ ಅವನು ಎತ್ತುತ್ತಾನೆ, ತಿರುಗಿಸುತ್ತಾನೆ, ಬೀಳುವ ಮುನ್ನ ಹಿಡಿಯುತ್ತಾನೆ. ಇಪ್ಪತ್ತೆರಡು ನಿಮಿಷ. ಪ್ರೇಕ್ಷಕರು ಇಷ್ಟು ವರ್ಷ ಎಲೆಯನ್ನು ನೋಡಿದ್ದಾರಷ್ಟೆ. ಇನ್ನು ಕೊಂಬೆಯನ್ನು ನೋಡಲಿ! ಅದಕ್ಕೆ ಅವಳು 'ಹೊತ್ತವನು' ಎಂದು ಹೆಸರಿಟ್ಟಳು.

"ನನ್ನನ್ನ ಯಾರು ನೋಡ್ತಾರೆ?" ಎಂದು ಅವನು ನಕ್ಕ.

"ಮೊದಲು ನಾನು. ಆಮೇಲೆ ಊರೆಲ್ಲ. ಹದಿನಾಲ್ಕು ವರ್ಷ ನನ್ನ ಹಿಂದೆ ನಿಂತಿದ್ದೀರಿ. ಇದು ನಿಮಗೋಸ್ಕರ. ನಿಮ್ಮದೇ."

ಅವಳು ಆ ಮಾತನ್ನು ಹೃದಯದಾಳದಿಂದ ಹೇಳಿದಳು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸುಳ್ಳಲ್ಲದ ಮಾತುಗಳೇ ಆಮೇಲೆ ಹೆಚ್ಚು ಗಾಯಗೊಳಿಸುತ್ತವೆ.

ಹದಿನೆಂಟು ತಿಂಗಳು, ತಂಡದ ತಾಲೀಮಿಗೆ ಮೊದಲು, ಆ ವಿನಯದ ಬೆಳಕಿನಲ್ಲಿ ಅವರು ದುಡಿದರು. ಪಿಯಾನೋ ಅಜ್ಜಿ ಶಾಲು ಹೊದ್ದು ಬಂದು ನುಡಿಸಿದಳು. ಮೊದಮೊದಲು ಗುಬ್ಬಿಗೆ ಮಾತೇ ಸಿಗುತ್ತಿರಲಿಲ್ಲ. ಕಾಲಿನಿಂದ ಹೇಳುತ್ತಿದ್ದುದನ್ನು ಬಾಯಿಂದ ಹೇಳಲು ಅವಳು ತೊದಲಿದಳು. ಕ್ರಮೇಣ ಕಲಿತಳು. 'ಆ ಕೈಯನ್ನ ಬೇಗ ಮರೀಬೇಡಿ', 'ಬೆನ್ನು ಕೇಳಿಸ್ಕೊಳ್ಳಲಿ', 'ಅಲ್ಲಿ ಅವಳು ಭಾರ, ಇಲ್ಲಿ ಅವಳು ನಗ್ತಾ ಇದ್ದಾಳೆ'... ಹೀಗೆ. ಅವನೊಳಗೆ ಏನೋ ಚಿಗುರಿತು. ಮೂವತ್ತೆಂಟು ದಾಟಿದ ಆ ಗಂಡಸು ಸ್ನಾನದ ಮನೆಯಲ್ಲಿ ಗುನುಗತೊಡಗಿದ. ಅದುವರೆಗೆ ಕನ್ನಡಿಯಲ್ಲಿ ಅವಳನ್ನಷ್ಟೇ ನೋಡಿದ್ದವನು ಈಗ ಕದ್ದು ತನ್ನನ್ನು ನೋಡಿಕೊಳ್ಳುತ್ತಿದ್ದ. ಒಮ್ಮೆ ಅವಳ ಕಣ್ಣಿಗೆ ಸಿಕ್ಕಿಬಿದ್ದಾಗ, ಕೂದಲು ಸರಿಮಾಡಿಕೊಳ್ಳುವವನಂತೆ ನಟಿಸಿದ. ನಟನೆ ಅವನಿಗೆ ಬರುತ್ತಿರಲಿಲ್ಲ.

ಆದರೆ ಅವಳ ಕಣ್ಣೂ ಬೆಳೆಯುತ್ತಿತ್ತು. ಹೆಂಡತಿಯ ಕಣ್ಣು ಅವನ ಭುಜದ ಹಳೆಯ ನೋವನ್ನು ಕಂಡು ಮರುಗುತ್ತಿತ್ತು. ಸಂಯೋಜಕಿಯ ಕಣ್ಣು ಆ ನೋವಿನಿಂದ ನಿಧಾನವಾದ ಅರ್ಧ ಎಣಿಕೆಯನ್ನು ಕಂಡು ಸಿಡುಕುತ್ತಿತ್ತು. "ಇನ್ನೊಮ್ಮೆ." ಅವನು ಮಾಡುತ್ತಿದ್ದ. "ಇನ್ನೊಮ್ಮೆ." ಹನ್ನೊಂದನೆಯ ಸಲ ಪಿಯಾನೋ ಅಜ್ಜಿ ಕೈ ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದಳು. "ನನಗೆ ಬೆರಳು ನೋಯ್ತಿದೆ ಕಣಮ್ಮ," ಎನ್ನುತ್ತಿದ್ದಳು. ಬೆರಳು ನೋಯುತ್ತಿರಲಿಲ್ಲವೆಂದು ಮೂವರಿಗೂ ಗೊತ್ತಿತ್ತು.

ನಿರ್ದೇಶಕರು ಒಂದು ಬೆಳಿಗ್ಗೆ ಬಂದು ಪೂರ್ತಿ ನೋಡಿದರು. ತಂಡದ ಅಳಿವು ಉಳಿವು ಅವರ ಕೈಯಲ್ಲಿತ್ತು. ಸಭ್ಯರು, ಎಂದೂ ಧ್ವನಿ ಏರಿಸದವರು. ಅವನು ಬಟ್ಟೆ ಬದಲಿಸಲು ಹೋದಮೇಲೆ ಅವರು ಅವಳನ್ನು ತಮ್ಮ ಕೊಠಡಿಗೆ ಕರೆದು ಕೂರಿಸಿದರು.

"ಈ ವರ್ಷದ ರಂಗಋತುವಿನ ಮೊದಲ ಪ್ರದರ್ಶನ ಇದೇ ಆಗಲಿ. ದೊಡ್ಡ ರಂಗದ ಮೇಲೆ. ನೀವು ದೊಡ್ಡ ಸಂಯೋಜಕಿ ಆಗ್ತೀರಿ, ನನಗೆ ಅನುಮಾನ ಇಲ್ಲ."

ಅವಳು ಕುರ್ಚಿಯಿಂದ ಅರ್ಧ ಎದ್ದಳು.

"ಆದರೆ ಅವರಲ್ಲ," ಎಂದರು ನಿರ್ದೇಶಕರು. "ಹದಿನೈದನೆಯ ನಿಮಿಷಕ್ಕೆ ಅವರು ದಣೀತಾರೆ. ಅದು ನಿಮಗೂ ಕಂಡಿದೆ. ಹೊಸದಾಗಿ ಸೇರಿದ್ದಾನಲ್ಲ ಹುಡುಗ, ಅವನಿಗೆ ಕೊಡಿ. ಬೇಡ ಅಂದ್ರೆ, ಕೆಳಗಿನ ಚಿಕ್ಕ ಸಭಾಂಗಣದಲ್ಲಿ ಒಂದು ದಿನ ಇಟ್ಟುಕೊಳ್ಳೋಣ. ನಾಳೆ ಹೇಳಿ."

ಮಾರನೆಯ ದಿನ ಅವಳು ತಂಡದ ತರಗತಿಯನ್ನು ನೋಡಲು ಹೋದಳು. ಬೇಡವೆಂದು ಹೇಳಲು ಕಾರಣ ಹುಡುಕಿಕೊಂಡು ಹೋದಳು ಎಂದು ತನಗೆ ತಾನೇ ಹೇಳಿಕೊಂಡಳು. ಹೊಸಬನಿಗೆ ಇಪ್ಪತ್ತನಾಲ್ಕು. ಅವನು ಕಂಬಿಯ ಪಕ್ಕದಲ್ಲಿ ಯಾವ ಯೋಚನೆಯೂ ಇಲ್ಲದೆ ತೋಳೆತ್ತಿದ. ಅಷ್ಟೆ... ಬರೀ ಎತ್ತಿದ. ಆ ತೋಳು ಎಲ್ಲಿಯೂ ತಡೆಯದೆ, ಉಸಿರಿಗೆ ತೊಡಕಾಗದೆ, ಬೆಳದಿಂಗಳು ನೀರಿನ ಮೇಲೇರುವಂತೆ ಏರಿತು. ಅವಳು ಹದಿನೆಂಟು ತಿಂಗಳು ಕಣ್ಣು ಮುಚ್ಚಿದಾಗಲೆಲ್ಲ ಕಾಣುತ್ತಿದ್ದ, ಕಣ್ಣು ತೆರೆದಾಗಲೆಲ್ಲ ಕಳೆದುಕೊಳ್ಳುತ್ತಿದ್ದ ರೇಖೆ ಅದು. ಅವಳ ಎದೆಯಲ್ಲಿ ಆಗ ಎದ್ದದ್ದು ದುಃಖವಲ್ಲ, ದ್ವಂದ್ವವಲ್ಲ, ಪಶ್ಚಾತ್ತಾಪದ ನೆರಳೂ ಅಲ್ಲ. ಆನಂದ! ಶುದ್ಧವಾದ, ನಿರ್ಲಜ್ಜವಾದ, ಬಿರುಬೇಸಿಗೆಯ ನಂತರದ ಮೊದಲ ಮಳೆಯಂಥ ಆನಂದ. ಆ ಆನಂದವೇ ಅವಳ ಅಪರಾಧ. ಅದನ್ನು ಯಾವ ನಿರ್ದೇಶಕರೂ ಅವಳ ಮೇಲೆ ಹೇರಿರಲಿಲ್ಲ.

ಅವಳು ಕೊಠಡಿಗೆ ಹೋಗಿ ಒಪ್ಪಿಗೆ ಕೊಟ್ಟಳು.

ಮನೆಯಲ್ಲಿ ಹೇಳಬೇಕಿತ್ತು. ಮೊದಲ ಸಂಜೆ ಅವನಿಗೆ ತಲೆನೋವಿತ್ತು. ಎರಡನೆಯ ಸಂಜೆ ಅವನು ತುಂಬ ಸಂತೋಷದಲ್ಲಿದ್ದ. ಕೊನೆಯ ಭಾಗದಲ್ಲಿ ಉಸಿರನ್ನು ಎಲ್ಲಿ ಉಳಿಸಬೇಕೆಂದು ಹೊಳೆದಿದೆ ಎಂದು, ಊಟದ ತಟ್ಟೆ ಬದಿಗೆ ಸರಿಸಿ ಮೇಜಿನ ಮೇಲೆ ಬೆರಳುಗಳಿಂದ ನಡೆದು ತೋರಿಸಿದ. ಮೂರನೆಯ ಸಂಜೆ ಅವಳು ಬಾಯಿ ತೆರೆದಳು. ತೆರೆದು, ಬಾಗಿಲ ಚಿಲಕ ಸಡಿಲವಾಗಿದೆ ಎಂದಳು. ಅವನು ಎದ್ದುಹೋಗಿ ಬಿಗಿಮಾಡಿ ಬಂದ.

ನಾಲ್ಕನೆಯ ಬೆಳಿಗ್ಗೆ ಪಿಯಾನೋ ಅಜ್ಜಿ ತಾಲೀಮಿನ ಕೋಣೆಗೆ ಎಂದಿಗಿಂತ ನಿಧಾನವಾಗಿ ಬಂದಳು. "ಕೆಳಗೆ ನೋಟಿಸ್ ಬೋರ್ಡಿಗೆ ಪಾತ್ರಗಳ ಪಟ್ಟಿ ಹಾಕಿದ್ದಾರೆ. ಅವನು ಅದರ ಮುಂದೆ ನಿಂತಿದ್ದಾನೆ. ಸುತ್ತ ಒಂದಿಪ್ಪತ್ತು ಜನ ಇದ್ದಾರೆ, ಯಾರೂ ಮಾತಾಡ್ತಿಲ್ಲ. ನೀನು ಹೇಳಿರಲಿಲ್ವಾ?"

ಗುಬ್ಬಿ ಬಾಗಿಲ ಕಡೆ ತಿರುಗಿದಳು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಅವನು ಒಳಬಂದು, ದಿನದಂತೆ ಕೋಟನ್ನು ಮೊಳೆಗೆ ಸಿಕ್ಕಿಸಿ, ಬೆಂಚಿನ ಮೇಲೆ ಕುಳಿತು, ಒಂದು ಶೂ ಹಾಕಿಕೊಂಡ. ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಉಳಿದ.

"ಪಟ್ಟಿ ನೋಡಿದೆ."

"ನಾನೇ ಹೇಳಬೇಕು ಅಂತಿದ್ದೆ."

"ನೀನು ಹೇಳ್ತಾನೇ ಇದ್ದೆ. ಮೂರು ದಿನದಿಂದ ಚಹಾಕ್ಕೆ ಎರಡೆರಡು ಸಲ ಸಕ್ಕರೆ ಹಾಕ್ತಿದ್ದೀಯ. ನನಗೇ ಅರ್ಥ ಆಗಲಿಲ್ಲ."

"ನಿರ್ದೇಶಕರು ಒಪ್ಪಲಿಲ್ಲ."

"ಅವರು ಒಪ್ಪಲಿಲ್ಲ. ನೀನು?"

ಪಿಯಾನೋ ಅಜ್ಜಿ ಕಿಟಕಿಯಾಚೆ ನೋಡಿದಳು. ಗುಬ್ಬಿ, ಮಾತನ್ನೇ ಕಲಿತು ಸಂಯೋಜಕಿಯಾದವಳು, ಆ ಒಂದು ಪ್ರಶ್ನೆಗೆ ಮೌನವನ್ನು ಉತ್ತರವಾಗಿಟ್ಟಳು. ನಿರ್ದೇಶಕರ ಹೆಸರಿನ ನೆರಳಿನಲ್ಲಿ ತನ್ನ ಮುಖವನ್ನು ಅಡಗಿಸಿದಳು. ಅವನು ಹಾಕಿದ ಶೂವನ್ನು ನಿಧಾನವಾಗಿ ಬಿಚ್ಚಿದ. ಬಿಚ್ಚಿ, ಎರಡನ್ನೂ ಜೋಡಿಸಿ, ಚೀಲದೊಳಗಿಟ್ಟ. ಬೈಯಲಿಲ್ಲ. ಬೈದಿದ್ದರೆ... ಅಯ್ಯೋ, ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು!

ಕ್ರೌರ್ಯ ಅಲ್ಲಿಗೆ ನಿಂತಿದ್ದರೆ ಕಥೆಯೂ ನಿಲ್ಲುತ್ತಿತ್ತು.

ಹೊಸಬ ಎರಡು ವಾರಗಳಲ್ಲಿ ಎಲ್ಲ ಹೆಜ್ಜೆ ಕಲಿತ. ಒಳ್ಳೆಯ ಹುಡುಗ, ವಿನಯವಂತ, ಹೇಳಿದ್ದನ್ನು ಒಮ್ಮೆಗೇ ಹಿಡಿಯುವವನು. ಅವನ ರೇಖೆ ಶರತ್ಕಾಲದ ಮುಗಿಲಂತೆ ಸ್ವಚ್ಛ. ಆದರೆ ಅವನು ಗಾಳಿಯನ್ನು ಎತ್ತಿದಾಗ ಅದು ಗಾಳಿಯಾಗಿಯೇ ಇರುತ್ತಿತ್ತು. ಆ ಬರಿಗೈಗಳಲ್ಲಿ ಭಾರವಿರಲಿಲ್ಲ. ಅವಳು ಹೇಳಿನೋಡಿದಳು, ಬೇಡಿನೋಡಿದಳು, ಮರಳಿನ ಚೀಲ ಎತ್ತಿಸಿನೋಡಿದಳು. ಮರಳು ಮರಳಾಗಿಯೇ ಉಳಿಯಿತು. ಕೊನೆಗೆ ಒಂದು ಸಂಜೆ, ಸೊಂಟಕ್ಕೆ ಎಣ್ಣೆ ಹಚ್ಚುತ್ತಿದ್ದ ಗಂಡನಿಗೆ ಅವಳು ಹೇಳಿದಳು:

"ನನಗೊಂದು ಸಹಾಯ ಬೇಕು."

ಅವನ ಕೈ ನಿಂತಿತು. ಅವಳು ಏನು ಕೇಳಲಿರುವಳೆಂದು ಆ ಕೈಗೆ ತಿಳಿದುಹೋಯಿತು.

"ಕೇಳು. ಇದನ್ನೂ ಕೇಳಿಬಿಡು."

"ಅವನಿಗೆ ಭಾರ ಗೊತ್ತಾಗ್ತಿಲ್ಲ. ನೀವು ಬಂದು ಹೇಳಿಕೊಟ್ರೆ..."

"ಎಷ್ಟು ಗಂಟೆಗೆ?"

ಮರುದಿನ ಅವನು ಬಂದ. ಹೊಸಬ ಎದ್ದುನಿಂತು, ಕಣ್ಣು ತಗ್ಗಿಸಿ, "ಸರ್, ನಾನು ಕೇಳಿ ತಗೊಂಡ ಪಾತ್ರ ಅಲ್ಲ ಇದು," ಎಂದ. "ಗೊತ್ತು, ಎತ್ತಿ ತೋರಿಸು," ಎಂದ ಕಂಬ. ಹೊಸಬ ಶೂನ್ಯವನ್ನೆತ್ತಿದ. ಕಂಬ ಮೂರು ಸಲ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಊಟಕ್ಕೆ ಕರೆಯುವಷ್ಟು ಸಾದಾ ಧ್ವನಿಯಲ್ಲಿ "ಬಾ" ಎಂದ.

ಅವಳು ಎಣಿಕೆ ತಟ್ಟುವ ಕೋಲು ಕೆಳಗಿಟ್ಟು ಮುಂದೆ ಬಂದಳು. ಎರಡು ವರ್ಷಗಳಿಂದ ಯಾರೂ ಅವಳನ್ನೆತ್ತಿರಲಿಲ್ಲ. ಅವನ ಕೈಗಳು ಈಗ ತನ್ನ ನಡುವನ್ನು ಹಿಡಿಯುವವು ಎಂದು ಅವಳ ಮೈ ತಾನಾಗಿ ಉಸಿರೆಳೆದುಕೊಂಡಿತು. ಅವನು ಹಿಡಿಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಹೊಸಬನಿಗೆ ಹೇಳಿದ:

"ಇವಳನ್ನ ಎತ್ತು. ಹೆದರಬೇಡ. ಈ ಭಾರ ನೆನಪಿಟ್ಕೋ."

ಹೊಸಬನ ಬೆಚ್ಚನೆಯ ಅಪರಿಚಿತ ಕೈಗಳು ಅವಳನ್ನು ಹಿಡಿದವು. ಕಂಬ ಹತ್ತಿರ ಬಂದು ಆ ಕೈಗಳ ಮೇಲೆ ತನ್ನ ಬೆರಳಿಟ್ಟು ಸರಿಪಡಿಸಿದ. "ಎಡಗೈ ಕೆಳಗೆ. ಇನ್ನೂ ಸ್ವಲ್ಪ. ಅಲ್ಲಿ ಅವಳಿಗೆ ನೋವಿದೆ, ಅಲ್ಲಿ ಒತ್ತಬಾರದು. ಬಲಗೈ ಬೆನ್ನ ಮೂಳೆಯ ಪಕ್ಕಕ್ಕೆ. ಅವಳು ಹೆದರಿದಾಗ ಉಸಿರು ಅಲ್ಲಿ ನಿಲ್ಲುತ್ತೆ, ನಿನ್ನ ಹೆಬ್ಬೆರಳಿಗೆ ಗೊತ್ತಾಗುತ್ತೆ. ಗೊತ್ತಾಯ್ತಾ?"

"ಹೌದು ಸರ್. ನಿಂತಿದೆ."

"ಹಾಂ. ಈಗ ಎತ್ತು."

ಅವಳು ಮೇಲೇರಿದಳು. ಪರರ ಅಂಗೈಗಳ ಮೇಲಿಂದ ಅವಳು ಕೆಳಗೆ ನೋಡಿದಳು. ಅಲ್ಲಿ, ಬೆಳಕಿನ ಹಾಸಿನ ಅಂಚಿನಲ್ಲಿ, ಅವಳ ಗಂಡ ಕೈಕಟ್ಟಿ ನಿಂತು, ಹದಿನಾರು ವರ್ಷಗಳ ದಾಂಪತ್ಯದ ಒಂದೊಂದೇ ಗುಟ್ಟನ್ನು ಬೀಗದ ಕೈಗಳ ಗೊಂಚಲಿನಂತೆ ಇನ್ನೊಬ್ಬನಿಗೆ ಒಪ್ಪಿಸುತ್ತಿದ್ದ. ಅವನ ದನಿಯಲ್ಲಿ ಕಹಿಯಿರಲಿಲ್ಲ. ಅದು ಅವಳನ್ನು ಕೊಂದಿತು. ಆದರೂ, ಸಹೃದಯರೇ, ಹೇಳದಿದ್ದರೆ ಕಥೆಗಾರನಿಗೆ ದ್ರೋಹದ ಪಾಪ ತಟ್ಟುತ್ತದೆ: ಆ ಎತ್ತರದಲ್ಲಿ, ಕಣ್ಣೀರಿನ ನಡುವೆ, ಹೊಸಬನ ಕೈಗಳಿಗೆ ಭಾರ ಇಳಿದುಬಂದದ್ದನ್ನು ಅವಳು ಗುರುತಿಸಿದಳು. ಗುರುತಿಸಿ, ಹೇಳಿದಳು:

"ಇನ್ನೊಮ್ಮೆ."

ಋತುವಿನ ಮೊದಲ ಪ್ರದರ್ಶನ ಒಂದು ಭಾನುವಾರದ ಮಧ್ಯಾಹ್ನ. ಹೊಸಬ ಕುಣಿದ. ಶೂನ್ಯವನ್ನು ಅವನೆತ್ತಿದಾಗ ಸಾವಿರ ಜನ ಆ ಇಲ್ಲದ ಹೆಣ್ಣಿನ ಸೆರಗು ಗಾಳಿಗೆ ಹಾರುವುದನ್ನು ಕಂಡರು. ಅವನು ಇಳಿಸಿದಾಗ ಅವಳ ಕಾಲ್ಬೆರಳು ನೆಲ ಮುಟ್ಟಿದ ನಿಶ್ಶಬ್ದವನ್ನು ಕೇಳಿದರು. ಮುಗಿದಾಗ ಎದ್ದ ಕರತಾಡನ ಬಿರುಮಳೆಯಂತೆ ಛಾವಣಿಯನ್ನು ಬಡಿಯಿತು. ಅವಳನ್ನು ರಂಗಕ್ಕೆ ಕರೆದರು, ಹೂ ಕೊಟ್ಟರು. ಹೊಸಬ ಅವಳ ಕೈಗೆ ಹಣೆಯೊತ್ತಿದ.

ಅವಳ ಗಂಡನಿಗೆ ಅದೇ ದಿನದ ಎರಡನೆಯ ನೃತ್ಯದಲ್ಲಿ ಮುದಿ ರಾಜನ ಪಾತ್ರವಿತ್ತು: ಸಿಂಹಾಸನದಲ್ಲಿ ಕೂರುವುದು, ಕೈಯೆತ್ತಿ ಹರಸುವುದು. ಬಣ್ಣದ ಕೋಣೆಯಲ್ಲಿ, ಬಿಳಿಯ ಗಡ್ಡ ಅಂಟಿಸಿಕೊಂಡು, ತಗಡಿನ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವಳು ಹೂಗಳ ಹೊರೆಯೊಡನೆ ಬಾಗಿಲಲ್ಲಿ ನಿಂತಳು.

"ನೋಡಿದಿರಾ?"

"ನೋಡಿದೆ. ಪರದೆ ಪಕ್ಕದಿಂದ. ಪೂರ್ತಿ." ಅವನು ಕಿರೀಟದ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. "ನಾನು ಇಷ್ಟು ಚೆನ್ನಾಗಿ ಮಾಡ್ತಿರಲಿಲ್ಲ. ಅಲ್ವಾ?"

ಆ ಪ್ರಶ್ನೆಯ ಬಾಯಲ್ಲಿ ಒಂದು ಸಣ್ಣ ಬಾಗಿಲು ತೆರೆದಿತ್ತು. 'ಯಾರು ಹೇಳಿದ್ದು' ಎಂದಿದ್ದರೆ ಸಾಕಿತ್ತು. ನಕ್ಕು ಅವನ ಭುಜ ತಟ್ಟಿದ್ದರೂ ಸಾಕಿತ್ತು. ಅವನು ನಂಬುತ್ತಿರಲಿಲ್ಲ, ಆದರೆ ಆ ನಂಬದ ಸುಳ್ಳನ್ನು ಎದೆಗವಚಿಕೊಂಡು ಮುಂದಿನ ಚಳಿಗಾಲವನ್ನು ದಾಟುತ್ತಿದ್ದ. ಅವಳು ಅವನನ್ನು ನೋಡಿದಳು. ಪ್ರೀತಿಯಿಂದಲೇ ನೋಡಿದಳು. ಮತ್ತು, ನೆಲಮಾಳಿಗೆಯಿಂದ ಮೂರು ಅಂತಸ್ತು ಹತ್ತಿ ಬಂದ ಆ ಕಣ್ಣಿಗೆ, ಕಲೆಯ ಬಗ್ಗೆ ಸುಳ್ಳಾಡುವುದು ಬರಲೇ ಇಲ್ಲ.

"ಹೌದು," ಎಂದಳು.

ಅವನು ತಲೆಯಾಡಿಸಿದ. ಗಡ್ಡದೊಳಗೆ ನಕ್ಕಿರಲೂಬಹುದು. "ಸದ್ಯ. ಇವತ್ತಾದ್ರೂ ಹೇಳಿದೆ," ಎಂದು ಕಿರೀಟ ಧರಿಸಿ, ಮುದಿ ರಾಜನ ನಡಿಗೆಯಲ್ಲಿ ಅವಳನ್ನು ದಾಟಿ ರಂಗಕ್ಕೆ ಹೋದ. ಆ ಮಧ್ಯಾಹ್ನ ಅವನ ಕೈ ಹರಸಲು ಎತ್ತಿದಾಗ ಒಂದಿಷ್ಟೂ ನಡುಗಲಿಲ್ಲ.

ಆ ಚಳಿಗಾಲ ಮುಗಿಯುವ ಮೊದಲು ಅವನು ತಂಡ ಬಿಟ್ಟ. ರೈಲಿನಲ್ಲಿ ನಾಲ್ಕು ಗಂಟೆ ದೂರದ, ಸಮುದ್ರದಂಡೆಯ ಒಂದು ಸಣ್ಣ ಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ನೃತ್ಯ ಹೇಳಿಕೊಡುವ ಕೆಲಸ ಸಿಕ್ಕಿತ್ತು. "ನೀನೂ ಬರ್ತೀಯಾ?" ಎಂದು ಕೇಳಿದ. ಅವಳ ಎರಡನೆಯ ನೃತ್ಯ ಅರ್ಧವಾಗಿತ್ತು. "ಇದು ಮುಗಿದ ಮೇಲೆ," ಎಂದಳು. ಅದು ಮುಗಿಯುವಷ್ಟರಲ್ಲಿ ಮೂರನೆಯದು ಮೊಳೆತಿತ್ತು. ಅವನು ಭಾನುವಾರಗಳಂದು ಬರುತ್ತಿದ್ದ, ಆಮೇಲೆ ತಿಂಗಳಿಗೊಂದು ಭಾನುವಾರ, ಆಮೇಲೆ ಪತ್ರ. ಜಗಳವಿರಲಿಲ್ಲ, ಬೇರ್ಪಡೆಯ ಮಾತೂ ಇರಲಿಲ್ಲ. ಬೇಸಿಗೆಯ ಹೊಳೆ ಒಂದು ದಿನದಲ್ಲಿ ಬತ್ತುವುದಿಲ್ಲವಲ್ಲ... ದಡದವರು ದಿನಾ ನೀರು ತರುತ್ತಲೇ ಇರುತ್ತಾರೆ, ಒಂದು ಬೆಳಿಗ್ಗೆ ಕೊಡ ಮುಳುಗುವುದಿಲ್ಲ.

ಏಳು ವರ್ಷಗಳ ನಂತರ, ಹಲವು ದೇಶಗಳ ರಂಗಮಂದಿರಗಳು ಅವಳನ್ನು ಕರೆಯುತ್ತಿದ್ದ ಕಾಲದಲ್ಲಿ, ಅವಳು ಆ ಸಮುದ್ರದ ಊರಿಗೆ ಹೋದಳು. ಶಾಲೆಯ ಮರದ ಬಾಗಿಲು ಉಪ್ಪುಗಾಳಿಗೆ ಬಿರುಕುಬಿಟ್ಟಿತ್ತು. ಒಳಗೆ ಅವನು ಹತ್ತು ಹನ್ನೆರಡು ಮಕ್ಕಳ ನಡುವೆ ನಿಂತಿದ್ದ. ಕೂದಲು ನರೆತಿತ್ತು, ಮೈ ತುಸು ತುಂಬಿತ್ತು. ಒಂದು ಮಗು ಅವನ ಅಂಗಿಯ ತುದಿ ಹಿಡಿದು ಏನೋ ದೂರು ಹೇಳುತ್ತಿತ್ತು, ಅವನು ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಆ ಅರಳುವಿಕೆ ಹಳೆಯ ಗೆಳೆಯನದು.

"ಹೊಸದೊಂದು ಮಾಡ್ತಿದ್ದೀನಿ," ಎಂದಳು ಅವಳು, ತರಗತಿ ಮುಗಿದ ಮೇಲೆ. "ನೀವು ಜೊತೆಗಿದ್ರೆ... ತಾಲೀಮು ನೋಡಿಕೊಳ್ಳೋಕೆ. ಮನೆ ಹಾಗೇ ಇದೆ."

ಅವನು ಬಹಳ ಹೊತ್ತು ಯೋಚಿಸಿದಂತೆ ಕಾಣಲಿಲ್ಲ. "ಬರೋಕಾಗಲ್ಲ. ಈ ಮಕ್ಕಳದು ವಾರ್ಷಿಕ ಪ್ರದರ್ಶನ ಇದೆ. ಅದು ಮುಗಿದ್ರೆ ಹೊಸ ಮಕ್ಕಳು ಸೇರ್ತಾರೆ." ಆಮೇಲೆ, ಮೃದುವಾಗಿ: "ಸೊಂಟ ಹೇಗಿದೆ?"

"ನೋಯುತ್ತೆ."

"ಸಮುದ್ರದ ಗಾಳಿಗೆ ಇನ್ನೂ ನೋಯುತ್ತೆ. ಬೇಗ ರೈಲು ಹತ್ತು."

ಅವನು ಕುರ್ಚಿಗಳನ್ನು ಒಂದೊಂದಾಗಿ ಗೋಡೆಗೆ ಸರಿಸತೊಡಗಿದ. ಅವಳು ಬಾಗಿಲ ಬಳಿ ನಿಂತು ನೋಡಿದಳು. ಎದೆಯೊಳಗೆ ಯಾವುದೋ ಕಟ್ಟಡ ನಿಶ್ಶಬ್ದವಾಗಿ ಕುಸಿಯುತ್ತಿತ್ತು. ಇನ್ನು ಇವನು ಬರುವುದಿಲ್ಲ ಎಂಬುದು, ಸಂಜೆಯ ಬೆಳಕಿನಷ್ಟು ಸ್ಪಷ್ಟವಾಗಿ, ಅವಳಿಗೆ ಅರಿವಾಗುತ್ತಿತ್ತು. ಆ ಕುಸಿತದ ನಟ್ಟನಡುವೆಯೇ ಅವಳ ಕಣ್ಣು, ಅವಳ ಅಪ್ಪಣೆ ಕೇಳದೆ, ಕುರ್ಚಿಗೆಂದು ಬಾಗಿದ ಆ ಬೆನ್ನನ್ನು ಹಿಡಿಯಿತು. ಅದು ಮೇಲೇಳಲು ತೆಗೆದುಕೊಂಡ ಕಾಲವನ್ನು ಎಣಿಸಿತು. ಐದು, ಆರು, ಏಳು... ಎಂಟನೆಯ ಎಣಿಕೆಗೆ ಅವನು ತಿರುಗಬೇಕಿತ್ತು ಎಂದುಕೊಂಡಳು. ಅವನು ತಿರುಗಲಿಲ್ಲ. ಹಾಗೆಯೇ ಇರಲಿ, ಹಾಗೆಯೇ ಚೆನ್ನ, ಎಂದು ಅವಳೊಳಗಿನ ಸಂಯೋಜಕಿ ತೀರ್ಮಾನಿಸಿದಳು. ಅಳು ಬಂದದ್ದು ಆ ತೀರ್ಮಾನದ ನಂತರ.

ಮನುಷ್ಯನ ಹೃದಯವನ್ನು ನಾವು ಒಂದು ಮನೆಯೆಂದು ಭಾವಿಸುತ್ತೇವೆ. ಒಂದೇ ಒಲೆ, ಒಂದೇ ದೀಪ. ಆದರೆ ಕೆಲವರ ಎದೆಯಲ್ಲಿ ಎರಡು ಬೆಂಕಿಗಳು ಉರಿಯುತ್ತವೆ, ಒಂದು ಬೇಯಿಸಲು, ಇನ್ನೊಂದು ಬೆಳಗಲು. ಎರಡಕ್ಕೂ ಒಂದೇ ಮರದ ಸೌದೆ. ಅಂಥವರನ್ನು ನಿಷ್ಠುರರೆಂದು ದೂರುವುದು ಸುಲಭ, ಧನ್ಯರೆಂದು ಹೊಗಳುವುದು ಇನ್ನೂ ಸುಲಭ. ಅವರ ಬೆಳಕಿನಲ್ಲಿ ಕುಳಿತು ಕಣ್ದುಂಬಿಕೊಳ್ಳುವ ನಾವು, ಉರಿದುಹೋದ ಆ ಮರ ಯಾವ ತೋಟದ್ದು, ಅದರ ನೆರಳಲ್ಲಿ ಒಮ್ಮೆ ಯಾರು ಕುಳಿತಿದ್ದರು ಎಂದು ಕ್ಷಣಕಾಲ ನೆನೆದರೆ... ಅಷ್ಟೇ ನಮ್ಮ ಕೈಲಾಗುವುದು. ಪ್ರೀತಿ ಅಲ್ಲಿ ಇರಲಿಲ್ಲವೆಂದಲ್ಲ. ಇತ್ತು, ಕೊನೆಯವರೆಗೂ ಇತ್ತು. ಸಾಲದಾಯಿತು, ಅಷ್ಟೆ.